ಕೆಸರಿನ ಗಿಡಕ್ಕೆ ಕೇಳಿದ ಪ್ರಶ್ನೆಗಳು

ಠಾಕುರ್ಲಿಯಿಂದ ಠಾಣೆಗೆ ಸ್ಲೋ ಲೋಕಲ್ ಹತ್ತಿದರೆ, ದಿವಾ ದಾಟಿ ಮುಂಬ್ರಾ ಬರುವಾಗ ಉಲ್ಹಾಸ್ ಖಾಡಿಯ ಹಸಿರು ಕಣ್ಣಿಗೆ ಬೀಳುತ್ತದೆ. ಮರಾಠಿಯವರು ಈ ಗಿಡವನ್ನು ತಿವರ ಎನ್ನುತ್ತಾರೆ, ಇಡೀ ಕಾಡನ್ನು ಕಾಂದಳವನ ಎನ್ನುತ್ತಾರೆ. ಕುಮಟಾ, ಹೊನ್ನಾವರದಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ, ಅದು ನಮ್ಮ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್. ನೀರು ಇಳಿದಾಗ ಬುಡದ ಸುತ್ತ ಕೆಸರಿನಲ್ಲಿ ಪೆನ್ಸಿಲ್ ನೆಟ್ಟಂತೆ ಉಸಿರುಬೇರುಗಳು ನಿಂತಿರುತ್ತವೆ. ಎಲೆ ನೆಕ್ಕಿದರೆ ಉಪ್ಪು. ಬೇರು ತಡೆಯಲಾಗದ ಉಪ್ಪನ್ನು ಎಲೆಯ ಗ್ರಂಥಿಗಳು ಹೊರಗೆ ಹಾಕುತ್ತವೆ.

ಮುಂಬಯಿ ಪ್ರಾಂತದ ಸಸ್ಯಗಳನ್ನೆಲ್ಲ ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಪಟ್ಟಿ ಮಾಡಿದ. ಆ ನಡುವೆಯೇ, 1905ರಲ್ಲಿ, ಸೇಂಟ್ ಝೇವಿಯರ್ಸ್ ಕಾಲೇಜಿನ ಪಾದ್ರಿ ಎಥೆಲ್ಬರ್ಟ್ ಬ್ಲಾಟರ್ ಇಲ್ಲಿನ ಕಾಂಡ್ಲಾ ಬಗ್ಗೆಯೇ ಒಂದು ಪ್ರಬಂಧ ಬರೆದ. ಗಿಡದ ಹೆಸರೇನು ಎಂಬಲ್ಲಿಗೆ ಅವನು ನಿಲ್ಲಲಿಲ್ಲ, ಅದು ಬದುಕುವುದು ಹೇಗೆ ಎಂದೂ ಕೇಳಿದ. ನನ್ನ ಲೆಕ್ಕದಲ್ಲಿ ನಮ್ಮ ಖಾಡಿಯ ಪರಿಸರ ವಿಜ್ಞಾನ ಅಲ್ಲಿಂದ ಶುರು. ಜಗತ್ತಿನ ಕಾಂಡ್ಲಾಗಳನ್ನೆಲ್ಲ ಒಂದೆಡೆ ತಂದ ಸಸ್ಯವಿಜ್ಞಾನಿ ಟಾಮ್ಲಿನ್ಸನ್ ಪುಸ್ತಕ ಬಂದದ್ದು ಎಷ್ಟೋ ದಶಕಗಳ ಮೇಲೆ, 1986ರಲ್ಲಿ.

ಆಮೇಲೆ ಪ್ರಶ್ನೆ ವಂಶಾವಳಿಗೆ ತಿರುಗಿತು. ತಿವರವನ್ನು ಮೊದಲು ತೇಗದ ಬಳಗಕ್ಕೆ ಸೇರಿಸಿದ್ದರು, ನಂತರ ಬೇರೆ ಮನೆ ಮಾಡಿಕೊಟ್ಟರು. 2002ರ ಡಿಎನ್ಎ ಅಧ್ಯಯನ ಅದನ್ನು ಅಡುಸೋಗೆ, ಕನಕಾಂಬರಗಳ ಕುಟುಂಬಕ್ಕೆ ತಂದು ಕೂರಿಸಿತು. ಮುಡಿಯುವ ಹೂವಿಗೂ ಕೆಸರಿನ ಮರಕ್ಕೂ ನೆಂಟಸ್ತಿಕೆ! ಮರದಲ್ಲೇ ಬೀಜ ಮೊಳೆತು ತೂಗಾಡುವ ರೈಜೊಫೊರಾ ಬೇರೆಯದೇ ವಂಶ. ಅಂದರೆ ಕಾಂಡ್ಲಾ ಎಂಬುದು ಒಂದು ಕುಲವಲ್ಲ, ಕಸುಬು. ಸಂಬಂಧವಿಲ್ಲದ ಗಿಡಗಳು ಹತ್ತಕ್ಕೂ ಹೆಚ್ಚು ಸಲ ಬೇರೆ ಬೇರೆಯಾಗಿ ಆ ಕಸುಬು ಕಲಿತಿವೆ.

ರೈಜೊಫೊರಾದ ಪೂರ್ಣ ಜೀನೋಮ್ ಓದಿದ ಚೀನಾದ ತಂಡ 2017ರಲ್ಲಿ ಈ ಕಲಿಕೆಯ ಕಾಲವನ್ನೂ ಗುರುತಿಸಿತು. ಸುಮಾರು 5.5 ಕೋಟಿ ವರ್ಷಗಳ ಹಿಂದೆ ಭೂಮಿ ಬಿಸಿಯಾಗಿ ಸಮುದ್ರ ಏರಿದಾಗ ಈ ಬಳಗ ಹುಟ್ಟಿತು. ಇಡೀ ಜೀನೋಮ್ ಅದಕ್ಕೂ ಮೊದಲೇ ಇಮ್ಮಡಿಯಾಗಿದ್ದರಿಂದ ತಿದ್ದಿಕೊಳ್ಳಲು ಹೆಚ್ಚುವರಿ ಜೀನುಗಳು ಕೈಯಲ್ಲಿದ್ದವು. ತಿವರದ ಜೀನೋಮನ್ನು 2021ರಲ್ಲಿ ಭುವನೇಶ್ವರ ಮತ್ತು ಚೆನ್ನೈ ಕಡೆಯ ವಿಜ್ಞಾನಿಗಳು ಓದಿದರು. ಅದರಲ್ಲಿ 31 ವರ್ಣತಂತುಗಳು.

ಇತ್ತ ಕೆಸರಿಗೂ ಬೆಲೆ ಬಂತು. ಹಿಂದೂ–ಪೆಸಿಫಿಕ್ ವಲಯದ 25 ಕಾಂಡ್ಲಾವನಗಳನ್ನು ಅಳೆದವರು 2011ರಲ್ಲಿ ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಲೆಕ್ಕ ಕೊಟ್ಟರು, ಅದರಲ್ಲಿ ಬಹುಪಾಲು ಮಣ್ಣಿನಲ್ಲೇ ಇತ್ತು. ಠಾಣೆ ಖಾಡಿ 2022ರಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು.

ಆದರೆ ದಂಡೆಯಲ್ಲಿ ನಿಂತವರಿಗೆ ಬ್ಲಾಟರನ ಕಣ್ಣೇ ಬೇಕು. ಮಳೆಗಾಲ ಕಳೆಯುವ ಹೊತ್ತಿಗೆ ಕೆಲವು ವರ್ಷ ತಿವರವೆಲ್ಲ ಸುಟ್ಟಂತೆ ಕಂದಾಗಿ ನಿಲ್ಲುತ್ತದೆ. ಯಾರೋ ವಿಷ ಹಾಕಿದರು ಎಂದು ಸುದ್ದಿ ಹಬ್ಬುತ್ತದೆ. ಹತ್ತಿರ ಹೋಗಿ ನೋಡಿದರೆ ಎಲೆಗಳ ನರ ಮಾತ್ರ ಉಳಿದಿರುತ್ತದೆ, ನೂಲಿಗೆ ಜೋತುಬಿದ್ದ ಕಪ್ಪು ಹುಳುಗಳಿರುತ್ತವೆ. ಹಿಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಗಳು ಅವು, ತೇಗದ ಎಲೆ ಬೋಳಿಸುವುದೂ ಇವೇ. ಹುಳುವಿನ ಹಿಕ್ಕೆ ಕೆಸರಿಗೆ ಬೀಳುತ್ತದೆ, ಕೆಲವು ವಾರಗಳಲ್ಲಿ ಮರ ಚಿಗುರುತ್ತದೆ. ಕೆಡವಿದ ಕಟ್ಟಡದ ಅವಶೇಷ ತಂದು ಸುರಿದ ಜಾಗದಲ್ಲಿ ಮಾತ್ರ ಚಿಗುರು ಬರುವುದಿಲ್ಲ. ಅಲ್ಲಿ ಎಲೆ ಇನ್ನೂ ಹಸಿರಾಗಿರುವಾಗಲೇ, ಆ ಪೆನ್ಸಿಲ್ ಬೇರುಗಳು ಇಟ್ಟಿಗೆ ಪುಡಿಯ ಅಡಿ ಉಸಿರುಗಟ್ಟಿರುತ್ತವೆ.