ಗುರುವಾರದ ಮನೆ

ನಮ್ಮಜ್ಜಿ ಮನೆಯ ಲೆಕ್ಕ ಬರೆಯುತ್ತಿದ್ದದ್ದು ಪಂಚಾಂಗದ ಅಂಚಿನಲ್ಲಿ. ಹಾಲಿನವಳಿಗೆ ಕೊಟ್ಟ ದುಡ್ಡು, ಅಗಸನಿಗೆ ಹಾಕಿದ ಬಟ್ಟೆ, ಹಸು ಈದ ದಿನ, ಎಲ್ಲವೂ ತಿಥಿ ನಕ್ಷತ್ರಗಳ ಪಕ್ಕದಲ್ಲೇ, ಸೀಸದ ಕಡ್ಡಿಯಲ್ಲಿ. ಅವರು ಹೋದಮೇಲೆ ಅಟ್ಟದ ಟ್ರಂಕಿನಲ್ಲಿ ಆರೇಳು ಪಂಚಾಂಗಗಳು ಸಿಕ್ಕಿದವು. ಅವುಗಳಲ್ಲಿ ತಾರಣ ಸಂವತ್ಸರದ್ದು, ಅಂದರೆ 1944–45ರದ್ದು, ನನ್ನ ಮೇಜಿನ ಮೇಲಿದೆ. ಅದರಲ್ಲಿ ಹೆಚ್ಚುಕಡಿಮೆ ಪ್ರತಿ ಗುರುವಾರದ ಎದುರಿಗೂ ಒಂದು ಗೀಚು. ‘ಹುಡುಗ ಬಂದ.’ ‘ಹುಡುಗ ಬರಲಿಲ್ಲ, ಜ್ವರವಂತೆ.’ ‘ಲೆಕ್ಕದಲ್ಲಿ 31. ಇವರು ಬೈದರು.’ ಮತ್ತೊಂದು ಗುರುವಾರ: ‘ಎರಡು ಸಲ ಅನ್ನ ಕೇಳಿದ. ನಿನ್ನೆ ಮನೆ ಇರಲಿಲ್ಲ.’

ಹುಡುಗನ ಹೆಸರು ಎಲ್ಲೂ ಇಲ್ಲ. ‘ನಿನ್ನೆ ಮನೆ ಇರಲಿಲ್ಲ’ ಎಂದರೆ ಏನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಅವನಿಗೆ ಬುಧವಾರ ಊಟ ಹಾಕುವ ಮನೆ ಸಿಕ್ಕಿರಲಿಲ್ಲ ಎಂದು ಅದರ ಅರ್ಥ. ನಾವು ಮೈಸೂರಿನ ಕೃಷ್ಣಮೂರ್ತಿಪುರಂನವರು. ಆ ಹುಡುಗನ ಪಾಲಿಗೆ ನಮ್ಮದು ಗುರುವಾರದ ಮನೆ.

ಹೀಗೆ ದಿನಕ್ಕೊಂದು ಮನೆಯಲ್ಲಿ ಉಣ್ಣುವ ವಾರಾನ್ನದ ವ್ಯವಸ್ಥೆಯನ್ನು ಯಾವ ಸಂಘವೂ ಸ್ಥಾಪಿಸಲಿಲ್ಲ, ಯಾವ ಸರ್ಕಾರವೂ ಆದೇಶ ಹೊರಡಿಸಲಿಲ್ಲ. ಹಳ್ಳಿಯಲ್ಲಿ ಪ್ರೈಮರಿ ಮುಗಿದರೆ ಮುಂದಕ್ಕೆ ಶಾಲೆ ಇಲ್ಲ. ಹೈಸ್ಕೂಲು ಇದ್ದದ್ದು ಮೈಸೂರು, ಬೆಂಗಳೂರು, ಹಾಸನ, ತುಮಕೂರಿನಂಥ ಊರುಗಳಲ್ಲಿ. ತಂದೆ ಇಲ್ಲದವನೋ, ಇದ್ದೂ ಪೌರೋಹಿತ್ಯದ ಅಕ್ಕಿಯಲ್ಲಿ ಸಂಸಾರ ತೂಗಿಸುವವರ ಮಗನೋ, ಒಂದು ಚೀಲ, ಒಂದು ಚೊಂಬು, ಶಾನುಭೋಗರದೋ ದೂರದ ನೆಂಟರದೋ ಒಂದು ಕಾಗದ ಹಿಡಿದು ಪೇಟೆಗೆ ಬರುತ್ತಿದ್ದ. ಮಲಗುವುದಕ್ಕೆ ಯಾವುದೋ ಛತ್ರ, ದೇವಸ್ಥಾನದ ಜಗಲಿ, ಇಲ್ಲವೇ ನಾಲ್ಕು ಜನ ಸೇರಿ ಹಿಡಿದ ಕೋಣೆ. ಆಮೇಲೆ ಬೀದಿ ಬೀದಿ ಅಲೆದು ಮನೆಯೊಡತಿಯರನ್ನು ಕೇಳಬೇಕು: ‘ತಾಯೀ, ಒಂದು ವಾರ ಕೊಡ್ತೀರಾ?’ ಏಳು ದಿನಕ್ಕೆ ಏಳು ಮನೆ ಸಿಗುವುದು ಅಪರೂಪ. ಐದು ಸಿಕ್ಕರೆ ಪುಣ್ಯವಂತ. ಉಳಿದೆರಡು ದಿನ ಕಡಲೆಪುರಿ, ಅದೂ ಇಲ್ಲದಿದ್ದರೆ ಕೊಳಾಯಿ ನೀರು.

ಸಿಕ್ಕ ವಾರವೂ ಗಟ್ಟಿಯಲ್ಲ. ಮನೆಯಲ್ಲಿ ಸೂತಕ ಬಂದರೆ ಊಟವಿಲ್ಲ. ಯಜಮಾನರು ಕಾಶಿಗೆ ಹೊರಟರೆ ಇಲ್ಲ. ಏಕಾದಶಿ ಬಿದ್ದರೆ ಮನೆಯವರ ಜೊತೆಗೆ ಅವನಿಗೂ ಉಪವಾಸ. ಯಜಮಾನರಿಗೆ ವರ್ಗವಾದರೆ ವಾರವೇ ಹೋಯಿತು. ಊಟವೂ ಪುಕ್ಕಟೆ ಎನ್ನುವ ಹಾಗಿರಲಿಲ್ಲ. ಬಾವಿಯಿಂದ ನೀರು ಸೇದಬೇಕು, ಮಾರ್ಕೆಟ್ಟಿಗೆ ಹೋಗಿ ಬರಬೇಕು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು, ಕೆಲವು ಮನೆಗಳಲ್ಲಿ ದೋಸೆಗೆ ರುಬ್ಬಿಯೂ ಕೊಡಬೇಕು. ತನ್ನ ಮಕ್ಕಳ ಎಲೆಗೆ ತುಪ್ಪ ಬಡಿಸಿ ಈ ಹುಡುಗನ ಎಲೆಯ ಹತ್ತಿರ ಬರುವಾಗ ಮಿಳ್ಳೆಯನ್ನು ನೆಟ್ಟಗೆ ಮಾಡಿಕೊಳ್ಳುವ ಗೃಹಿಣಿಯರ ಕತೆಯನ್ನು ನಮ್ಮಜ್ಜಿಯೇ ಹೇಳುತ್ತಿದ್ದರು, ಮನೆಯ ಗುರುತು ಹೇಳದೆ. ವಾರಾನ್ನ ಉಂಡು ದೊಡ್ಡವರಾದವರ ಆತ್ಮಕತೆಗಳಲ್ಲಿ ಈ ತುಪ್ಪದ ಲೆಕ್ಕ ಮರೆತದ್ದು ಕಡಿಮೆ. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯನ್ನು ಓದಿದವರಿಗೆ ಆ ಹಸಿವು ಎಂಥದ್ದೆಂದು ನಾನು ಹೇಳಬೇಕಾಗಿಲ್ಲ.

ಆದರೂ ನಾನು ಬರೆಯಹೊರಟಿದ್ದು ಊಟದ ವಿಷಯವಲ್ಲ, ಆ ‘ಲೆಕ್ಕದಲ್ಲಿ 31’ರ ವಿಷಯ.

ನಮ್ಮ ತಾತ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸ್ವಂತ ಮಕ್ಕಳ ಮಾರ್ಕ್ಸ್ ಕಾರ್ಡನ್ನೇ ಅವರು ಸರಿಯಾಗಿ ನೋಡಿದವರಲ್ಲವಂತೆ. ಗುರುವಾರದ ಹುಡುಗನದನ್ನು ಮಾತ್ರ ಕೈಯಲ್ಲಿ ಹಿಡಿದು ‘ಏನಯ್ಯಾ ಇದು?’ ಎನ್ನುತ್ತಿದ್ದರಂತೆ. ಶುಕ್ರವಾರದ ಮನೆಯವರು ಮಹಾರಾಜಾ ಕಾಲೇಜಿನಲ್ಲಿ ಕೆಲಸದಲ್ಲಿದ್ದವರು, ಅವರು ಇಂಗ್ಲಿಷ್ ಪದ್ಯ ಒಪ್ಪಿಸುವಂತೆ ಹೇಳುವರು. ಸೋಮವಾರದ ಮನೆಯ ಮುದುಕಿ ಓದು ಬಾರದವಳು, ಕತ್ತಿನ ಮಣ್ಣು ಹೋಗಿದೆಯೇ ಎಂದು ನೋಡಿಯೇ ಎಲೆ ಹಾಕುವಳು. ಒಬ್ಬ ಹುಡುಗನನ್ನು ವಾರಕ್ಕೆ ಐದು ಜನ ಹಿರಿಯರು ಐದು ಥರ ವಿಚಾರಿಸಿಕೊಳ್ಳುತ್ತಿದ್ದರು. ಅವನಿಗೆ ಅದು ಹಿಂಸೆಯೇ ಆಗಿದ್ದಿರಬೇಕು. ಆದರೆ ಅವನು ಒಂದು ದಿನ ಬಾರದಿದ್ದರೆ ಏಕೆ ಬರಲಿಲ್ಲವೆಂದು ಪಂಚಾಂಗದ ಅಂಚಿನಲ್ಲಿ ಬರೆದಿಡುವವರೊಬ್ಬರು ಆ ಊರಿನಲ್ಲಿದ್ದರು.

ಮನೆಯ ಆಚೆಗೂ ಹಳೇ ಮೈಸೂರಿನಲ್ಲಿ ಇಂಥ ಹಿರಿಯರಿದ್ದರು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರನ್ನು (1844–1933) ಊರೆಲ್ಲ ‘ತಾತಯ್ಯ’ ಎಂದೇ ಕರೆದದ್ದು ಸುಮ್ಮನೆ ಅಲ್ಲ. ಪತ್ರಿಕೆ ನಡೆಸಿದರು, ದಿವಾನರುಗಳನ್ನು ಟೀಕಿಸಿದರು, ಇವೆಲ್ಲದರ ನಡುವೆ ಬಡ ಹುಡುಗರಿಗಾಗಿ ಅನಾಥಾಲಯ ಕಟ್ಟಿದರು. ಬೆಂಗಳೂರಿನ ಕಡೆ ನೋಡಿದರೆ, ತಂದೆಯನ್ನು ಕಳೆದುಕೊಂಡ ಎಂ. ವಿಶ್ವೇಶ್ವರಯ್ಯ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಅಲ್ಲಿನ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಈ ಹುಡುಗನ ಮೇಲೆ ಕಣ್ಣಿಟ್ಟು ಪ್ರೋತ್ಸಾಹಿಸಿದವರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮೈಸೂರಿನದೇ ಇನ್ನೊಂದು ಪ್ರಸಂಗ. 1926ರಲ್ಲಿ ಮಲೆನಾಡಿನಿಂದ ಬಂದು ಓದುತ್ತಿದ್ದ ತರುಣನೊಬ್ಬ ಕಾಯಿಲೆ ಬಿದ್ದ. ಆಗಷ್ಟೇ ಶುರುವಾಗಿದ್ದ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವನನ್ನು ಆಶ್ರಮಕ್ಕೆ ಕರೆದುಕೊಂಡು ಹೋದರು. ಹಾಗೆ ಹೋದ ಆ ತರುಣ, ಮುಂದಿನ ಕುವೆಂಪು, ಹತ್ತು ವರ್ಷ ಅಲ್ಲೇ ಉಳಿದರು. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಪುಸ್ತಕದಲ್ಲಿ ಆ ಸ್ವಾಮಿಗಳು ಬರುವ ಪುಟಗಳನ್ನು ನೋಡಿ. ಕನ್ನಡ ತಾಯಿನುಡಿಯಲ್ಲದ ಸಂನ್ಯಾಸಿಯೊಬ್ಬರು ಒಬ್ಬ ಕನ್ನಡ ಕವಿಯನ್ನು ಹೇಗೆ ಕಾಪಾಡಿದರೆಂಬುದು ಅಲ್ಲಿದೆ. 1937ರಲ್ಲಿ ಅದೇ ಸ್ವಾಮಿಗಳು ಫ್ರಾನ್ಸಿಗೆ ಹೋಗಿ ವೇದಾಂತ ಕೇಂದ್ರ ಕಟ್ಟಿದರು. ಅಷ್ಟು ಹೊತ್ತಿಗೆ ಮೈಸೂರಿನಲ್ಲಿ ಅವರು ಮಾಡಬೇಕಿದ್ದ ಒಂದು ಕೆಲಸ ಆಗಿಹೋಗಿತ್ತು ಎಂದು ನನಗನ್ನಿಸುತ್ತದೆ.

ಈಗ ಅಪ್ರಿಯವಾದದ್ದನ್ನೂ ಬರೆಯಬೇಕು. ನಮ್ಮ ಗುರುವಾರದ ಎಲೆ ಬ್ರಾಹ್ಮಣ ಹುಡುಗನಿಗೆ ಮಾತ್ರ. ಅದರಲ್ಲೂ ನಮ್ಮ ಪಂಗಡದವನೇ ಆಗಿದ್ದರೆ ಪಂಕ್ತಿಯಲ್ಲಿ, ಬೇರೆಯಾದರೆ ನಡುಮನೆಯ ಕಂಬದ ಆಚೆಗೆ. ಅಜ್ಜಿ ಅದನ್ನು ಮುಚ್ಚಿಟ್ಟವರಲ್ಲ. ಹಾಗೆ ಮಾಡಬಾರದಿತ್ತು ಎಂದೂ ಅವರಿಗೆ ಕೊನೆಯವರೆಗೆ ಅನ್ನಿಸಲಿಲ್ಲ. ಒಕ್ಕಲಿಗರ ಹುಡುಗನಿಗೆ, ಕುರುಬರ ಹುಡುಗನಿಗೆ ಕೃಷ್ಣಮೂರ್ತಿಪುರಂನಲ್ಲಿ ವಾರ ಇರಲಿಲ್ಲ. ಅವರ ಹಿರಿಯರು ಬೇರೆ ದಾರಿ ಹುಡುಕಿಕೊಳ್ಳಬೇಕಾಯಿತು. ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿತು. ಜಾತಿಗೊಂದು ಸಂಘ, ಸಂಘಕ್ಕೊಂದು ವಿದ್ಯಾರ್ಥಿನಿಲಯ ಎನ್ನುವ ಕಾಲ ಶುರುವಾಯಿತು. ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ ಮಠಗಳೇ ಹುಡುಗರಿಗೆ ಅನ್ನ ಹಾಕಿದವು. ಜೋಳಿಗೆ ಹಿಡಿದು ತಂದ ಧಾನ್ಯದಿಂದ ನಡೆದ ಪ್ರಸಾದನಿಲಯಗಳು ಅವು. 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ಕೂತು ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲು ಎಷ್ಟೆಂದು ಲೆಕ್ಕ ಹಾಕಿದಾಗ ಹೊರಬಿದ್ದ ಅಂತರಕ್ಕೆ, ಯಾರ ಮಗನಿಗೆ ಪೇಟೆಯಲ್ಲಿ ಎಲೆ ಸಿಗುತ್ತಿತ್ತು, ಯಾರ ಮಗನಿಗೆ ಸಿಗುತ್ತಿರಲಿಲ್ಲ ಎನ್ನುವುದೂ ಒಂದು ಕಾರಣ. ಇದು ನನ್ನ ಊಹೆ, ಆದರೆ ಬಲವಾದ ಊಹೆ.

ದಲಿತ ಹುಡುಗನಿಗೆ ಎಲೆಯ ಮಾತು ದೂರ ಉಳಿಯಿತು, ಬೀದಿಯೇ ಇರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರಕ್ಕೆಂದು ಮಿಷನ್ ಶುರುಮಾಡಿ ಶಾಲೆ ತೆರೆದಾಗ ಸ್ವಜಾತಿಯವರಿಂದ ಬಹಿಷ್ಕಾರಕ್ಕೊಳಗಾದರು. ತನ್ನ ಶಾಲೆಯಲ್ಲಿ ಓದಿದ ದಲಿತ ಮಗುವೊಂದು ಮುಂದೆ ಕಾರಿನಲ್ಲಿ ಓಡಾಡಿ, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು ಎನ್ನುವುದು ಅವರ ಆಸೆಯಾಗಿತ್ತು. ನಮ್ಮ ತಾತನಿಗೆ ಅಂಥ ಆಸೆ ಹುಟ್ಟಲು ಸಾಧ್ಯವಿತ್ತೇ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇರಲಿಲ್ಲ.

ಇನ್ನು ಹುಡುಗಿಯರು. ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ 1881ರಷ್ಟು ಹಿಂದೆಯೇ ಆರಂಭವಾಗಿತ್ತು. ಆದರೆ ವಾರಾನ್ನ ಉಂಡು ಓದಿದ ಒಬ್ಬಳೇ ಒಬ್ಬ ಹುಡುಗಿಯ ಕತೆಯನ್ನು ನಾನು ಕೇಳಿಲ್ಲ. ಹನ್ನೆರಡರ ಹೆಣ್ಣುಮಗಳನ್ನು ಏಳು ಅಪರಿಚಿತ ಮನೆಗಳಿಗೆ ಕಳಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ನಮ್ಮಜ್ಜಿ ಸ್ವತಃ ಮೂರನೇ ತರಗತಿಗೆ ಶಾಲೆ ಬಿಟ್ಟವರು. ಇಪ್ಪತ್ತು ಚಿಲ್ಲರೆ ವರ್ಷ ಬೇರೆಯವರ ಗಂಡುಮಕ್ಕಳ ಓದಿಗೆ ಒಲೆ ಊದಿದರು. ಊರಿನಲ್ಲಿ ಹೆಸರು ಬಂದದ್ದು ತಾತನಿಗೆ: ‘ವಾರಾನ್ನ ಹಾಕಿಸಿದ ಮಹಾನುಭಾವರು.’ ಆ ‘ಹಾಕಿಸಿದ’ ಎನ್ನುವ ಮಾತಿನ ‘ಇಸು’ ಪ್ರತ್ಯಯದ ಒಳಗೆ ನಮ್ಮಜ್ಜಿ ಇದ್ದಾರೆ.

ಈ ಪದ್ಧತಿಯನ್ನು ಕೊಂದದ್ದು ಯಾವ ಸುಧಾರಕರೂ ಅಲ್ಲ, ರೇಷನ್. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಅಳತೆಗೆ ಬಂದಾಗ, ತಲೆಗಿಷ್ಟು ಎಂದು ಕೊಟ್ಟ ಅಕ್ಕಿಯಲ್ಲಿ ಕಾರ್ಡಿನಲ್ಲಿಲ್ಲದ ತಲೆಗೆ ಪಾಲೆಲ್ಲಿ? ಅಜ್ಜಿಯ ಪಂಚಾಂಗದಲ್ಲಿ ಆ ವರ್ಷ ‘ಗೋಧಿ’ ‘ರಾಗಿ’ ಎಂಬ ಮಾತುಗಳು ಗುರುವಾರಗಳಲ್ಲೇ ಹೆಚ್ಚು. ಆಮೇಲೆ ಹಾಸ್ಟೆಲುಗಳು ಹೆಚ್ಚಿದವು, ಹೋಬಳಿಗೊಂದು ಹೈಸ್ಕೂಲು ಬಂತು, ಮನೆಗಳು ಚಿಕ್ಕದಾದವು. ನಮ್ಮ ಮನೆಯ ಕೊನೆಯ ಹುಡುಗನನ್ನು ನಾನೇ ನೋಡಿದ್ದೇನೆ. 1966, ನನಗೆ ಒಂಬತ್ತು ವರ್ಷ. ಅವನು ನನಗೆ ದಶಮಾಂಶ ಹೇಳಿಕೊಟ್ಟ. ನಾನು ಗಣಿತದ ಮೇಷ್ಟರಾದದ್ದರಲ್ಲಿ ಅವನ ಪಾಲೂ ಇದೆ. ಒಂದು ದಿನ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತೆಂದು ನಮಸ್ಕಾರ ಮಾಡಿ ಹೋದ. ಅಜ್ಜಿ ‘ಒಳ್ಳೇದಾಯ್ತಪ್ಪಾ’ ಎಂದು ಒಳಗೆ ಹೋಗಿ, ಮುಂದಿನ ಗುರುವಾರವೂ ಅಭ್ಯಾಸಬಲದಿಂದ ಒಂದು ಪಾವು ಅಕ್ಕಿ ಜಾಸ್ತಿ ಹಾಕಿದರು.

ನಿಜಕ್ಕೂ ಒಳ್ಳೆಯದೇ ಆಯಿತು. ದೇವರಾಜ ಅರಸರ ಕಾಲದಲ್ಲಿ, 1975ರಲ್ಲಿ ಹಾವನೂರು ಆಯೋಗ ವರದಿ ಕೊಟ್ಟ ಮೇಲೆ, ಹಿಂದುಳಿದ ವರ್ಗಗಳಿಗೆಂದೇ ಇಲಾಖೆಯಾಯಿತು. ಜನ ‘ಬಿಸಿಎಂ ಹಾಸ್ಟೆಲ್’ ಎನ್ನುವ ಕಟ್ಟಡಗಳು ತಾಲ್ಲೂಕು ತಾಲ್ಲೂಕಿಗೂ ಎದ್ದವು. ಅಲ್ಲಿ ಯಾರೂ ತಾಯೀ ಎಂದು ಅಂಗಲಾಚಬೇಕಾಗಿಲ್ಲ, ತುಪ್ಪದ ಮಿಳ್ಳೆಯ ಕಡೆ ಓರೆಗಣ್ಣಲ್ಲಿ ನೋಡಬೇಕಾಗಿಲ್ಲ. ಅನ್ನ ಹಕ್ಕಾಯಿತು. ವಾರಾನ್ನದ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವ ನನ್ನ ಓರಗೆಯವರ ಜೊತೆ ನಾನು ಜಗಳವಾಡಿದ್ದೇನೆ, ಮುಂದೆಯೂ ಆಡುತ್ತೇನೆ.

ಹಾಸ್ಟೆಲಿಗೆ ಬಾರದೆ ಉಳಿದದ್ದು ಮಾರ್ಕ್ಸ್ ಕಾರ್ಡು ಕೇಳುವ ಹಿರಿಯ. ಕೆಲವೆಡೆ ಅವನೂ ಬಂದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯನವರು, ಪ್ರಿನ್ಸಿಪಾಲರಾದ ಮೇಲೂ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದ ಮೇಲೂ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಹುಡುಗರ ನಡುವೆ ಬದುಕಿದರು. ಆದರೆ ಎಲ್ಲ ಹಾಸ್ಟೆಲಿಗೂ ಒಬ್ಬೊಬ್ಬ ಎಚ್ಚೆನ್ ಎಲ್ಲಿಂದ ಸಿಗಬೇಕು? ವಾರ್ಡನ್ ಒಬ್ಬರು, ಮಕ್ಕಳು ನೂರು. ಅವರಿಗೆ ದಾಸ್ತಾನು ಪುಸ್ತಕ, ಗ್ಯಾಸ್ ಸಿಲಿಂಡರು, ಬಯೋಮೆಟ್ರಿಕ್ ಹಾಜರಿ ನೋಡುವಷ್ಟರಲ್ಲಿ ರಾತ್ರಿಯಾಗುತ್ತದೆ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಅದರಲ್ಲಿ ಕೊರತೆಯಿಲ್ಲ. ಲೆಕ್ಕದಲ್ಲಿ 31 ಬಂದರೆ?

ನಾನು 2017ರಲ್ಲಿ ನಿವೃತ್ತಳಾದೆ. ಮರುವರ್ಷ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗಿ, ವಾರಕ್ಕೊಂದು ಸಂಜೆ ಗಣಿತ ಹೇಳಿಕೊಡುತ್ತೇನೆ ಎಂದೆ. ಅರ್ಜಿ ಬರೆಸಿಕೊಂಡರು, ಆಧಾರ್ ಪ್ರತಿ ತೆಗೆದುಕೊಂಡರು, ಮೇಲಧಿಕಾರಿಗಳ ಒಪ್ಪಿಗೆಗೆ ಎರಡು ತಿಂಗಳು ಕಾಯಿಸಿದರು. ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಹೆಣ್ಣುಮಕ್ಕಳಿರುವ ಕಡೆ ಗುರುತಿಲ್ಲದ ಮುದುಕಿಯನ್ನು ಸುಮ್ಮನೆ ಒಳಗೆ ಬಿಟ್ಟುಕೊಂಡಿದ್ದರೆ ಬೇರೆಯದೇ ಸಿಟ್ಟು ಬರಬೇಕಾಗಿತ್ತು. ಯಾವ ದಿನ ಬರುತ್ತೀರಿ ಮೇಡಂ ಎಂದು ಕೇಳಿದಾಗ ಯೋಚಿಸದೆ ಗುರುವಾರ ಎಂದುಬಿಟ್ಟೆ.

ಮೊದಲ ತಿಂಗಳು ನಾನು ಬರೀ ಪಾಠ ಮಾಡಿದೆ, ವರ್ಗಸಮೀಕರಣ, ಸಮಾಂತರ ಶ್ರೇಢಿ. ಮಕ್ಕಳು ಸಭ್ಯವಾಗಿ ಆಕಳಿಸಿದರು. ಒಂದು ಗುರುವಾರ ಮೊಣಕಾಲು ನೋವಿನಿಂದ ಹೋಗಲಾಗಲಿಲ್ಲ. ಮರುವಾರ ಹೋದರೆ ಹಿಂದಿನ ಸಾಲಿನ ಒಬ್ಬಳು, ನಂಜನಗೂಡಿನ ಕಡೆಯವಳು, ನೋಟ್‌ಬುಕ್ಕಿನಿಂದ ತಲೆಯೆತ್ತದೆ ಕೇಳಿದಳು: ‘ಹೋದ ವಾರ ಯಾಕ್ ಬರ್ಲಿಲ್ಲ ಮಿಸ್?’ ಅವಳ ಪುಸ್ತಕದ ಅಂಚಿನಲ್ಲಿ ಹಿಂದಿನ ಗುರುವಾರದ ತಾರೀಖು ಹಾಕಿ, ಪಕ್ಕದಲ್ಲಿ ‘ಮಿಸ್ ಇಲ್ಲ’ ಎಂದು ಬರೆದಿದ್ದಳು.

ಈಗ ಸೋಮವಾರ ವಿಜ್ಞಾನಕ್ಕೆ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಹೆಂಡತಿ ಬರುತ್ತಾರೆ, ಅವರು ಎಂ.ಎಸ್ಸಿ. ಮಾಡಿ ಮನೆಯಲ್ಲೇ ಕೂತಿದ್ದವರು. ಶನಿವಾರ ಹೊಲಿಗೆ ಕಲಿಸುವವರೊಬ್ಬರು ಬರುತ್ತಾರೆ. ಮಕ್ಕಳು ತಮ್ಮ ಗುಟ್ಟುಗಳನ್ನೆಲ್ಲ ಹೇಳುವುದು ಅವರ ಹತ್ತಿರವೇ. ಎಸ್‌ಎಸ್‌ಎಲ್‌ಸಿ ಮಕ್ಕಳು ಇಂಗ್ಲಿಷಿನಲ್ಲಿ ಬಹಳ ಹಿಂದಿದ್ದಾರೆ. ಸಂಜೆ ಐದೂವರೆಯಿಂದ ಏಳು ಗಂಟೆ. ಒಪ್ಪಿಗೆಗೆ ಎರಡು ತಿಂಗಳು ಹಿಡಿಯುತ್ತದೆ, ಈಗಲೇ ಅರ್ಜಿ ಹಾಕುವುದು ಒಳ್ಳೆಯದು. ಮಂಗಳವಾರ ಇನ್ನೂ ಖಾಲಿ ಇದೆ.