ರಿಂಗ್ ಬಫರ್: ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು

ತಂತ್ರಾಂಶವು ಓಡುತ್ತಿರುವಾಗಲೇ ಅದರೊಳಗಿನ ಆಗುಹೋಗುಗಳನ್ನು ದಾಖಲಿಸುವುದಕ್ಕೆ ಟ್ರೇಸಿಂಗ್ ಎನ್ನುತ್ತಾರೆ. ಇಂಥ ಘಟನೆಗಳು ಸೆಕೆಂಡಿಗೆ ಲಕ್ಷಗಟ್ಟಲೆ ಹುಟ್ಟಬಹುದು. ಪ್ರತಿಯೊಂದನ್ನೂ ಆಗಿಂದಾಗ ಡಿಸ್ಕಿಗೆ ಬರೆಯುತ್ತ ಹೋದರೆ, ನಾವು ಪರೀಕ್ಷಿಸಹೊರಟ ವ್ಯವಸ್ಥೆಯ ನಡೆಯೇ ಬದಲಾಗುತ್ತದೆ. ಆದುದರಿಂದ ಅವು ಮೊದಲು ಮೆಮೊರಿಯಲ್ಲಿರುವ ನಿಶ್ಚಿತ ಗಾತ್ರದ ರಿಂಗ್ ಬಫರನ್ನು ಸೇರುತ್ತವೆ. ಬರವಣಿಗೆ ಕೊನೆ ಮುಟ್ಟಿದೊಡನೆ ಮತ್ತೆ ಆರಂಭಕ್ಕೆ ಹೊರಳುತ್ತದೆ. ಓದುವ ಪ್ರೋಗ್ರಾಮು ಹಿಂದೆಬಿದ್ದರೆ ಏನಾದರೊಂದನ್ನು ಕಳೆದುಕೊಳ್ಳಲೇಬೇಕು. ಹಳೆಯದನ್ನೋ ಹೊಸದನ್ನೋ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆಯೆಂದು ನನ್ನ ಎಣಿಕೆ.

ಲಿನಕ್ಸ್ ಕರ್ನಲ್‌ನಲ್ಲಿ ಎರಡೂ ಉತ್ತರಗಳು ಸಿಗುತ್ತವೆ. ಸ್ಟೀವನ್ ರೋಸ್ಟೆಡ್ ಅವರು 2008ರಲ್ಲಿ ರೂಪಿಸಿದ ಎಫ್‌ಟ್ರೇಸ್ ಬಫರ್ ಪ್ರತಿ ಸಿಪಿಯುಗೂ ಪ್ರತ್ಯೇಕ. ಅದು ತುಂಬಿದಾಗ, ನಾವು ಬೇರೆ ಹೇಳದಿದ್ದರೆ, ಹಳೆಯದರ ಮೇಲೆಯೇ ಬರೆಯುತ್ತದೆ.

ಹೀಗೆ ಬೇರ್ಪಡಿಸುವುದರಲ್ಲಿ ತೊಡಕುಗಳಿವೆ. ಒಂದು ಸಿಪಿಯುವಿನ ಪಾಲು ತುಂಬಿ ತುಳುಕುವಾಗ ಪಕ್ಕದ್ದರ ಖಾಲಿ ಜಾಗ ಅದಕ್ಕೆ ಒದಗುವುದಿಲ್ಲ. ಒಂದರಲ್ಲಿ ಆರಂಭವಾದ ಕೆಲಸ ಇನ್ನೊಂದರಲ್ಲಿ ಮುಗಿದರೆ, ಮುಗಿದ ಸುದ್ದಿಯೇ ಮೊದಲು ಕೈಸೇರಬಹುದು. ಆಂಡ್ರಿ ನಕ್ರೈಕೊ ಅವರು ರಚಿಸಿದ, 2020ರಲ್ಲಿ ಲಿನಕ್ಸ್ 5.8ರೊಡನೆ ಬಂದ ಬಿಪಿಎಫ್ ರಿಂಗ್ ಬಫರನ್ನು ಎಲ್ಲ ಸಿಪಿಯುಗಳೂ ಹಂಚಿಕೊಳ್ಳಬಹುದು. ಬರೆಯುವ ಪ್ರೋಗ್ರಾಮು ಕ್ಷಣಮಾತ್ರ ಬೀಗ ಹಿಡಿದು ಜಾಗ ಕಾದಿರಿಸುತ್ತದೆ. ದಾಖಲೆಯ 8 ಬೈಟ್‌ಗಳ ಶಿರೋಭಾಗದಲ್ಲಿ ‘ಇನ್ನೂ ಮುಗಿದಿಲ್ಲ’ ಎಂಬ ಗುರುತಿಟ್ಟು ಬೀಗ ಬಿಡುತ್ತದೆ. ವಿವರಗಳನ್ನು ತುಂಬಿಯಾದ ಮೇಲೆ ಗುರುತನ್ನು ಅಳಿಸುತ್ತದೆ. ಗುರುತಿರುವ ದಾಖಲೆಯನ್ನು ದಾಟಿ ಓದುವಂತಿಲ್ಲ, ಮುಂದಿನವು ಸಿದ್ಧವಿದ್ದರೂ ಸರಿಯೆ. ಕ್ರಮ ಉಳಿಯುವುದು ಇದರಿಂದಲೇ. ಒಂದು ತಡಮಾಡಿದರೆ ಉಳಿದವೆಲ್ಲ ಕಾಯುವುದೂ ಇದರಿಂದಲೇ.

ನನಗೆ ಬಹಳ ಹಿಡಿಸಿದ ಜಾಣ್ಮೆ ಇನ್ನೊಂದಿದೆ. ದತ್ತಾಂಶದ ಪುಟಗಳನ್ನು ವರ್ಚುವಲ್ ವಿಳಾಸಗಳಲ್ಲಿ ಒಂದರ ಬೆನ್ನಿಗೊಂದರಂತೆ ಎರಡು ಬಾರಿ ಜೋಡಿಸಲಾಗಿದೆ. ನಿಜವಾದ ಮೆಮೊರಿ ಒಂದೇ ಪಾಲು. ಅಂಚಿನಲ್ಲಿ ತುಂಡಾಗಬೇಕಿದ್ದ ದಾಖಲೆ ಹೀಗೆ ಅಖಂಡವಾಗಿ ಕಾಣುತ್ತದೆ.

ಆದರೆ ಮೂಲ ವಿನ್ಯಾಸದಲ್ಲಿ, ಈ ಬಫರ್ ತುಂಬಿದರೆ ಕಾದಿರಿಸುವಿಕೆಯೇ ವಿಫಲವಾಗಿ ಹೊಸ ಘಟನೆ ನಷ್ಟವಾಗುತ್ತದೆ. ಎಷ್ಟು ಕಳೆದವೆಂಬ ಲೆಕ್ಕವನ್ನು ಬರೆಯುವ ಪ್ರೋಗ್ರಾಮೇ ಇಟ್ಟುಕೊಳ್ಳಬೇಕು. ಈ ಲೆಕ್ಕವಿಲ್ಲದ ಟ್ರೇಸನ್ನು ನಾನು ಪೂರ್ಣವೆಂದು ನಂಬಲಾರೆ. ಸದಾ ಓದುತ್ತಿರುವ ಕಾವಲು ತಂತ್ರಾಂಶಕ್ಕೆ ಇದು ಒಗ್ಗುತ್ತದೆ. ಅಪರೂಪಕ್ಕೊಮ್ಮೆ ಕುಸಿಯುವ ವ್ಯವಸ್ಥೆಯ ಕೊನೆಯ ಕ್ಷಣಗಳು ಬೇಕಿದ್ದಲ್ಲಿ ಎಫ್‌ಟ್ರೇಸ್‌ನ ರೀತಿಯೇ ಮೇಲು: ಗಂಟೆಗಟ್ಟಲೆ ಹಳೆಯದನ್ನು ಅಳಿಸುತ್ತ ಬರೆಯಲು ಬಿಟ್ಟು, ದೋಷ ಕಂಡೊಡನೆ ಆ ಪ್ರೋಗ್ರಾಮಿನಿಂದಲೇ ಟ್ರೇಸಿಂಗನ್ನು ನಿಲ್ಲಿಸಿದರೆ, ದೋಷಕ್ಕೆ ತುಸು ಮುಂಚಿನ ದಾಖಲೆಗಳು ಬಫರ್‌ನಲ್ಲಿ ಹಾಗೆಯೇ ಉಳಿದಿರುತ್ತವೆ.