ಕಲಿಸೋ ಖರ್ಚು ಯಾರದ್ದು?

ಓದಿದ್ದು ಸಿವಿಲ್, ಕೆಲಸ ಜಾವಾದಲ್ಲಿ. ಇಂಥವರು ನಮ್ಮ ಆಫೀಸುಗಳಲ್ಲಿ ಸಾಲಿಗೊಬ್ಬರು ಸಿಗ್ತಾರೆ. ‘ಅವನು ಸಿಎಸ್ ಅಲ್ವಂತೆ’ ಅಂತ ಯಾರಾದರೂ ಮೂಗು ಮುರಿದರೆ ನನಗೆ ಕಾನ್ಪುರ ನೆನಪಾಗುತ್ತದೆ. ಅಲ್ಲಿ ಪ್ರೋಗ್ರಾಮಿಂಗ್ ಕಲಿಸಲು ಹೊರಟಾಗ ಕಲಿಯುವವರಿರಲಿ, ಕಲಿಸುವವರೂ ಸಿಎಸ್ ಓದಿದವರಲ್ಲ.

1963ರಲ್ಲಿ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಕಂಪ್ಯೂಟರ್ ಬಂತು. ಅಮೆರಿಕದ 9 ವಿಶ್ವವಿದ್ಯಾಲಯಗಳು ಸೇರಿ ಆ ಸಂಸ್ಥೆ ಕಟ್ಟಲು ನೆರವಾಗುತ್ತಿದ್ದ ಕಾಲ. ವಿಚಿತ್ರ ಯಂತ್ರ ಅದು. ಕೂಡುವ ಲೆಕ್ಕವನ್ನೂ ಸ್ವಂತವಾಗಿ ಮಾಡುತ್ತಿರಲಿಲ್ಲ. ಮಗ್ಗಿ ಪುಸ್ತಕ ನೋಡಿ ಹೇಳುವ ಹುಡುಗನ ಹಾಗೆ, ಮೆಮೊರಿಯಲ್ಲಿಟ್ಟ ಕೋಷ್ಟಕ ನೋಡಿ ಉತ್ತರ ಕೊಡುತ್ತಿತ್ತು. (‘ಕೂಡೋಕೆ ಬರಲ್ಲ, ಪ್ರಯತ್ನವೂ ಪಡಲ್ಲ’ ಅಂತ ಎಂಜಿನಿಯರುಗಳೇ ಅದನ್ನು ಗೇಲಿ ಮಾಡುತ್ತಿದ್ದರು.) ಕೋಡ್ ಬರೆಯೋದು ಅಂದರೆ ಸಾಲಿಗೊಂದರಂತೆ ಕಾರ್ಡುಗಳಲ್ಲಿ ತೂತು ಹೊಡೆಯೋದು. ಒಂದು ಕಾಮಾ ತಪ್ಪಿತೋ, ಆ ಕಾರ್ಡನ್ನು ಮತ್ತೆ ಹೊಡೆದು ಇಡೀ ಕಟ್ಟನ್ನು ಮತ್ತೆ ಯಂತ್ರಕ್ಕೆ ಉಣಿಸಬೇಕು.

ಕಲಿಸಿದವರಲ್ಲಿ ವಿ. ರಾಜಾರಾಮನ್, ಎಚ್. ಎನ್. ಮಹಾಬಲ ಮುಖ್ಯರು. ರಾಜಾರಾಮನ್ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿ ಹೋದವರು, ಕಾನ್ಪುರದಲ್ಲಿ ಇಲೆಕ್ಟ್ರಿಕಲ್ ವಿಭಾಗದ ಮೇಷ್ಟ್ರು. ತಮ್ಮ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಬೇರೆ ಕಾಲೇಜು, ಕಂಪನಿಗಳಿಂದ ಬಂದವರಿಗೂ ಕೆಲವೇ ದಿನಗಳ ಕೋರ್ಸ್ ನಡೆಸಿ ಫೋರ್ಟ್ರಾನ್ ಕಲಿಸಿದರು. ಈಗಿನವರು ಬೂಟ್‌ಕ್ಯಾಂಪ್ ಅನ್ನೋದು ಇದನ್ನೇ. ಮೈಸೂರಿನ ಎನ್‌ಐಇಯಲ್ಲಿ ಇಲೆಕ್ಟ್ರಿಕಲ್ ಮುಗಿಸಿದ ನಾರಾಯಣ ಮೂರ್ತಿ ಎಂ.ಟೆಕ್‌ಗೆ ಹೋಗಿದ್ದೂ ಇದೇ ಕಾನ್ಪುರಕ್ಕೆ. ಅಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಟೆಕ್ ಶುರುವಾಗಿದ್ದು 1978ರಲ್ಲಿ, ಅಂದರೆ ಯಂತ್ರ ಬಂದ 15 ವರ್ಷದ ಮೇಲೆ!

ಅಲ್ಲಿಯ ತನಕ ಖರ್ಚು ಸರ್ಕಾರದ್ದು, ಇಲ್ಲವೇ ಅಮೆರಿಕದ ನೆರವಿನದು. ಲೆಕ್ಕ ಬದಲಾಗಿದ್ದು ಆಮೇಲೆ. 1981ರಲ್ಲಿ ದೆಹಲಿಯಲ್ಲಿ ಎನ್‌ಐಐಟಿ ಹುಟ್ಟಿತು, 1986ರಲ್ಲಿ ಆಪ್ಟೆಕ್. ಎಂಜಿನಿಯರಿಂಗ್ ಸೀಟುಗಳು ಸಾಲದು, ಬಿಎಸ್ಸಿ, ಬಿಕಾಂ ಆದವರಿಗೂ ದಾರಿ ಬೇಕು ಅಂತ ರಾಜಾರಾಮನ್ ಸಮಿತಿಯೇ 3 ವರ್ಷದ ಎಂಸಿಎ ಕೋರ್ಸನ್ನು ಸೂಚಿಸಿತು. ಆದರೆ ಎಲ್ಲರಿಗೂ ಅಲ್ಲಿ ಸೀಟು ಸಿಗಬೇಕಲ್ಲ? ಉಳಿದವರು ಸಂಜೆ ಬ್ಯಾಚಿಗೆ ಸೇರಿದರು. ಫೀಸು ಕಟ್ಟಿದ್ದು ಅಪ್ಪ ಅಮ್ಮ.

ವೈ2ಕೆ ಹೊತ್ತಿಗೆ ಕಂಪನಿಗಳಿಗೆ ಜನ ಸಾಲದೇ ಹೋದರು, ಖರ್ಚು ಅವರ ತಲೆಗೆ ಬಂತು. ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್ ಊರಿನಷ್ಟು ದೊಡ್ಡ ತರಬೇತಿ ಕೇಂದ್ರವನ್ನೇ ಕಟ್ಟಿತು. ಮೆಕ್ಯಾನಿಕಲ್, ಸಿವಿಲ್, ಯಾವ ಬ್ರಾಂಚಾದರೂ ಸರಿ: ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸುವುದು ಈ ಉದ್ಯಮದ ರೂಢಿಯಾಯಿತು. ಪುಕ್ಕಟೆ ಅಂತ ಅಲ್ಲ. ನಾನು ಸೇರಿದ ಮೊದಲ ಕಂಪನಿ ನಾಲ್ಕು ತಿಂಗಳು ಕಲಿಸಿತು, ಜೊತೆಗೆ ಅಪ್ಪನ ಸಹಿ ಇದ್ದ ಬಾಂಡ್ ಪೇಪರನ್ನೂ ತೆಗೆದಿಟ್ಟುಕೊಂಡಿತು. ಆದರೂ ಆ ಒಪ್ಪಂದದಲ್ಲಿ ಒಂದು ನ್ಯಾಯ ಇತ್ತು ಅಂತಲೇ ನಾನು ಹೇಳೋದು. ನನ್ನಂಥವನು ಉಪಯೋಗಕ್ಕೆ ಬರ್ತಾನೋ ಇಲ್ಲವೋ ಅನ್ನೋ ರಿಸ್ಕಿನಲ್ಲಿ ಅರ್ಧ ಅವರದಾಗಿತ್ತು.

ಈಗ ಆ ಅರ್ಧವೂ ಹುಡುಗರ ಹೆಗಲಿಗೇ ಬಿದ್ದಿದೆ. ಸಂಬಳ ಶುರುವಾಗುವ ಮೊದಲೇ ಇಎಂಐ ಶುರು. ಲೋನ್ ತೆಗೆದು ಕೋರ್ಸ್ ಮುಗಿಸಿ ಬಂದವರನ್ನೂ ‘ಪ್ರಾಜೆಕ್ಟ್ ಅನುಭವ ಎಲ್ಲಿ?’ ಅಂತ ಕೇಳ್ತೀವಿ. ‘ನಾವು’ ಅಂದರೆ ಇಂಟರ್‌ವ್ಯೂ ಪ್ಯಾನೆಲ್ಲಿನಲ್ಲಿ ಕೂರುವ ನಾನೂ ಸೇರಿ.

ಹೋದ ವಾರ ಒಂದು ಫ್ರೆಶರ್ ಹುದ್ದೆಯ ಜಾಹೀರಾತು ನನ್ನ ಒಪ್ಪಿಗೆಗೆ ಬಂತು. ‘2 ವರ್ಷ ಅನುಭವ ಕಡ್ಡಾಯ’ ಅಂತಿತ್ತು. ಆ ಸಾಲು ಹೊಡೆದು ಹಾಕಿ, ‘3 ತಿಂಗಳು ಸಂಬಳ ಸಹಿತ ತರಬೇತಿ, ಯಾವ ಬ್ರಾಂಚಾದರೂ ಸರಿ’ ಅಂತ ಬರೆದು ವಾಪಸ್ ಕಳಿಸಿದ್ದೇನೆ. ಎಚ್‌ಆರ್‌ನಿಂದ ಇನ್ನೂ ಉತ್ತರ ಬಂದಿಲ್ಲ.